ನಿಜವಾದರೂ ಹೊರಗೆಡಹಬಾರದ್ದು

ಭಾದ್ರಪದದ ದಶಲಕ್ಷಣ ಪರ್ವ ಬಂತೆಂದರೆ ಸಂಕೇಶ್ವರ, ಹುಕ್ಕೇರಿ, ಚಿಕ್ಕೋಡಿ ಸೀಮೆಯ ಜೈನ ಮನೆಗಳವರು ಬಸದಿಗೆ ಹೋಗಿ ತತ್ತ್ವಾರ್ಥಸೂತ್ರ ಕೇಳುತ್ತಾರೆ. ದಿನಕ್ಕೊಂದರಂತೆ ಹತ್ತು ದಿನಕ್ಕೆ ಹತ್ತು ಅಧ್ಯಾಯ. ಏಳನೆಯದು ವ್ರತಗಳ ಅಧ್ಯಾಯ. ಸತ್ಯವ್ರತ ಹಿಡಿದ ಗೃಹಸ್ಥ ಎಲ್ಲೆಲ್ಲಿ ಜಾರಿಬೀಳುತ್ತಾನೆ ಎಂಬುದಕ್ಕೆ ಉಮಾಸ್ವಾಮಿ ಅಲ್ಲಿ ಐದು ಅತಿಚಾರಗಳನ್ನು ಹೇಳಿದ್ದಾರೆ. ದಾರಿ ತಪ್ಪಿಸುವ ಉಪದೇಶ, ಇನ್ನೊಬ್ಬರ ಏಕಾಂತದ ಸಂಗತಿಯನ್ನು ಹೊರಗೆ ಹಾಕುವುದು, ಖೋಟಾ ಬರಹ, ನಂಬಿ ಇಟ್ಟುಹೋದದ್ದನ್ನು ನುಂಗುವುದು, ಹಾವಭಾವ ನೋಡಿ ಒಬ್ಬರ ಮನಸ್ಸಿನ ಗುಟ್ಟು ಹಿಡಿದು ಬಯಲು ಮಾಡುವುದು.

ಐದರಲ್ಲಿ ಎರಡು ಸುಳ್ಳೇ ಅಲ್ಲ. ಏಕಾಂತದಲ್ಲಿ ನಡೆದದ್ದು ನಡೆದಿರುತ್ತದೆ. ಮುಖ ನೋಡಿ ಊಹಿಸಿದ ಗುಟ್ಟು ಸರಿಯಾಗಿಯೇ ಇರಬಹುದು. ಆದರೂ ಅವನ್ನು ಹೊರಗೆಡಹಿದರೆ ಸತ್ಯವ್ರತಕ್ಕೇ ಭಂಗ. ಈ ಗ್ರಂಥಕ್ಕೆ ಸರ್ವಾರ್ಥಸಿದ್ಧಿ ಎಂಬ ಟೀಕೆ ಬರೆದ ಪೂಜ್ಯಪಾದರು ಕಾರಣವನ್ನೂ ಕೊಡುತ್ತಾರೆ: ಜೀವಿಗೆ ನೋವು ತರುವ ಮಾತು, ಇದ್ದದ್ದನ್ನೇ ಹೇಳಿದರೂ, ಒಳ್ಳೆಯ ಮಾತಲ್ಲ. ಸತ್ಯ ಅಹಿಂಸೆಯ ಕೈಕೆಳಗೆ ನಿಲ್ಲುತ್ತದೆ. ‘ನಿಜ ತಾನೇ, ಹೇಳಿದರೆ ಏನಾಯಿತು?’ ಎಂಬ ಪ್ರಶ್ನೆಗೆ ಸಾವಿರದೈನೂರು ವರ್ಷಗಳ ಹಿಂದೆಯೇ ಸಿಕ್ಕ ಉತ್ತರ ಅದು.

ಆ ಪ್ರಶ್ನೆಯನ್ನು ಈಗ ಹೊಸ ಬಾಯಿಗಳು ಕೇಳುತ್ತಿವೆ. ಮೊಬೈಲ್ ಆ್ಯಪ್, ಸರಕಾರಿ ಪೋರ್ಟಲ್, ಸಾಲ ಕೊಡುವ ಕಂಪನಿ, ಎಲ್ಲವೂ ಜನರ ನಿಜ ಸಂಗತಿಗಳನ್ನೇ ಕೂಡಿಡುತ್ತವೆ. ಜನರನ್ನು ಕಾಯುವ ಕೆಲಸದಲ್ಲಿ ವಕೀಲರು, ನ್ಯಾಯಾಧೀಶರು ಒಂದಷ್ಟು ದೂರ ಬಂದಿದ್ದಾರೆ. ಉಳಿದ ದಾರಿ ತಂತ್ರಜ್ಞರದು, ಏಕೆಂದರೆ ಯಾವ ಸಂಗತಿ ಕೇಳಬೇಕು, ಎಲ್ಲಿ ಇಡಬೇಕು, ಯಾವಾಗ ಅಳಿಸಬೇಕು ಎಂಬುದು ಅವರು ಬರೆಯುವ ಸಾಲುಗಳಲ್ಲಿ ತೀರ್ಮಾನವಾಗುತ್ತದೆ. ಕಾನೂನು ಬರುವುದು ಆಮೇಲೆ.

2023ರಲ್ಲಿ ಕರ್ನಾಟಕಕ್ಕೆ ಇದರ ಪಾಠ ಕಟುವಾಗಿಯೇ ಆಯಿತು. ಮಂಗಳೂರು ಸೇರಿ ಹಲವೆಡೆ ಜನರ ಬ್ಯಾಂಕ್ ಖಾತೆಯಿಂದ ದುಡ್ಡು ಮಾಯವಾಗತೊಡಗಿತು. ಅವರು ಯಾರಿಗೂ ಒಟಿಪಿ ಹೇಳಿರಲಿಲ್ಲ, ಕಾರ್ಡ್ ಕೊಟ್ಟಿರಲಿಲ್ಲ, ಲಿಂಕ್ ಒತ್ತಿರಲಿಲ್ಲ. ಹಲವರ ವಿಷಯದಲ್ಲಿ ಒಂದು ಸಂಗತಿ ಮಾತ್ರ ಸಮಾನ: ಸ್ವಲ್ಪ ದಿನ ಮೊದಲು ಉಪನೋಂದಣಿ ಕಚೇರಿಯಲ್ಲಿ ಜಮೀನಿನದೋ ಮನೆಯದೋ ಪತ್ರ ಮಾಡಿಸಿದ್ದರು. ಆ ಪತ್ರದಲ್ಲಿ ಹೆಬ್ಬೆರಳಿನ ಗುರುತಿರುತ್ತದೆ, ಆಧಾರ್ ಸಂಖ್ಯೆಯೂ ಇರುತ್ತಿತ್ತು. ಪತ್ರದ ನಕಲು ಆನ್‌ಲೈನ್‌ನಲ್ಲಿ ಸಿಗುತ್ತದೆ. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯಲು ಬೇಕಾದದ್ದು ಮೂರೇ: ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು. ಚಿತ್ರದಲ್ಲಿದ್ದ ಬೆರಳ ಗೆರೆಗಳನ್ನು ಸಿಲಿಕೋನ್‌ಗೆ ಇಳಿಸಿ ಯಂತ್ರದ ಮೇಲೆ ಒತ್ತಿದರೆ ಒಂದು ಸಲಕ್ಕೆ ಹತ್ತು ಸಾವಿರ ರೂಪಾಯಿವರೆಗೆ ಹೊರಬರುತ್ತಿತ್ತು.

ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು. ಹೆಬ್ಬೆರಳು ಬದಲಾಗುವುದಿಲ್ಲ.

ಈ ವಂಚನೆಯಲ್ಲಿ ಕಳ್ಳರ ಪಾಲು ದೊಡ್ಡದು, ಸಂಶಯವಿಲ್ಲ. ಆದರೆ ಕಳ್ಳ ಬರುವ ಮೊದಲೇ ಎರಡು ವಿನ್ಯಾಸಗಳು ಒಂದಕ್ಕೊಂದು ತಿಳಿಯದಂತೆ ಕೈಜೋಡಿಸಿದ್ದವು. ಒಂದು, ಬೆರಳಚ್ಚನ್ನು ಸಾರ್ವಜನಿಕ ದಾಖಲೆಯ ಭಾಗವೆಂದು ತಿಳಿದಿತ್ತು. ಇನ್ನೊಂದು, ಅದನ್ನೇ ಖಾತೆಯ ಕೀಲಿಕೈ ಎಂದು ತಿಳಿದಿತ್ತು. ಜನ ಎರಡೂ ಕಡೆ ನಂಬಿ ಬೆರಳೊತ್ತಿದರು. ಪೂಜ್ಯಪಾದರು ನ್ಯಾಸಾಪಹಾರಕ್ಕೆ, ಅಂದರೆ ನಂಬಿ ಇಟ್ಟುಹೋದದ್ದನ್ನು ನುಂಗುವ ಆ ನಾಲ್ಕನೆಯ ಅತಿಚಾರಕ್ಕೆ, ಕೊಡುವ ಉದಾಹರಣೆ ಇಲ್ಲಿ ನೆನಪಾಗದೆ ಇರದು. ಒಬ್ಬ ತನ್ನ ಚಿನ್ನವನ್ನು ಇನ್ನೊಬ್ಬನ ಬಳಿ ಇಟ್ಟಿದ್ದಾನೆ. ಎಷ್ಟಿಟ್ಟೆನೆಂಬುದು ಮರೆತು ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು ‘ಆಗಲಿ’ ಎಂದು ಅಷ್ಟನ್ನೇ ಕೊಡುತ್ತಾನೆ. ಅವನು ಕದ್ದಿಲ್ಲ, ಬಾಯಿಬಿಟ್ಟು ಸುಳ್ಳನ್ನೂ ಹೇಳಿಲ್ಲ. ಒಪ್ಪಿಸಿದವನಿಗೆ ತಿಳಿಯದ್ದನ್ನು ತನ್ನ ಲಾಭಕ್ಕೆ ಬಳಸಿಕೊಂಡ, ಅದೇ ಅವನ ತಪ್ಪು. ಸಂಗತಿಗಳನ್ನು ಕೂಡಿಡುವ ಇಂದಿನ ವ್ಯವಸ್ಥೆಗಳು ನಿಂತಿರುವುದು ಇದೇ ಮರೆವಿನ ಮೇಲೆ. ಯಾರಿಗೆ ಏನೇನು ಕೊಟ್ಟಿದ್ದೇವೆಂಬ ಲೆಕ್ಕ ಕೊಟ್ಟವರಿಗೇ ಇಲ್ಲ.

ಮಂಗಳೂರಿನ ಪ್ರಕರಣಗಳಾದ ಮೇಲೆ ನೋಂದಣಿ ಇಲಾಖೆ ಪತ್ರಗಳಲ್ಲಿನ ಬೆರಳಚ್ಚು ಮರೆಮಾಡುವುದಕ್ಕೆ ಮುಂದಾಯಿತು. ಆಧಾರ್ ಪ್ರಾಧಿಕಾರವೂ ಅದೇ ವರ್ಷ ಫೆಬ್ರುವರಿಯಲ್ಲಿ, ಒತ್ತಿದ ಬೆರಳು ಜೀವಂತವೇ ಎಂದು ಪರೀಕ್ಷಿಸುವ ಹೊಸ ತಂತ್ರವನ್ನು ಪ್ರಕಟಿಸಿತ್ತು. ಇಂಥ ಕೆಲಸವನ್ನು ಮಾಡುವವರು ಹೆಸರು ಗೊತ್ತಿಲ್ಲದ ಎಂಜಿನಿಯರುಗಳು. ಹಣ ಹೋಗುವ ಮೊದಲೇ ಯಾರಾದರೂ ಒಬ್ಬರು ಸಭೆಯಲ್ಲಿ ಎದ್ದು ‘ಈ ಪುಟ ಹೊರಗೆ ಕಾಣುವುದು ಬೇಡ’ ಎಂದಿದ್ದರೆ ಎಷ್ಟೋ ಮನೆಗಳು ಉಳಿಯುತ್ತಿದ್ದವು.

ಸಂಕೇಶ್ವರದಂಥ ಊರಿನಲ್ಲಿ ಈ ಮಾತೆತ್ತಿದರೆ ಬರುವ ಮೊದಲ ಆಕ್ಷೇಪ ಬೇರೆ. ಇಲ್ಲಿ ಗುಟ್ಟೆಲ್ಲಿದೆ? ಹಿರಣ್ಯಕೇಶಿಯ ದಂಡೆ, ಪುಣೆ-ಬೆಂಗಳೂರು ಹೆದ್ದಾರಿ, ಮೆಣಸಿನಕಾಯಿ ವ್ಯಾಪಾರ, ಸಕ್ಕರೆ ಕಾರ್ಖಾನೆ. ಯಾರ ಮಗ ಎಲ್ಲಿ ಕೆಲಸಕ್ಕಿದ್ದಾನೆ, ಯಾರ ಕಬ್ಬಿನ ಬಿಲ್ಲು ಎಷ್ಟು, ಯಾರ ಮನೆಯ ಬೀಗತನ ಮುರಿಯಿತು ಎಂಬುದು ಕಟ್ಟೆಗೆ ತಿಳಿದೇ ಇರುತ್ತದೆ. ಖಾಸಗಿತನ ಪಟ್ಟಣದವರ, ಪರದೇಶದವರ ಚಿಂತೆ ಎಂದು ವಾದಿಸುವವರಿಗೆ ಇದು ಬಲವಾದ ಆಧಾರ.

ಕಟ್ಟೆಯ ಅರಿವಿಗೂ ಕಂಪ್ಯೂಟರಿನ ಅರಿವಿಗೂ ಅಜಗಜಾಂತರ. ಕಟ್ಟೆಯ ಮೇಲೆ ಕೂತು ಮತ್ತೊಬ್ಬರ ಮನೆಯ ಮಾತಾಡುವವನ ಮನೆಯೂ ಊರಿಗೆ ಗೊತ್ತು. ಅವನು ಮಿತಿಮೀರಿದರೆ ಕೇಳುವ ಹಿರಿಯರಿದ್ದಾರೆ, ಅವನಿಗೂ ನಾಳೆ ಮದುವೆ-ಮುಂಜಿಗೆ ನಾಲ್ಕು ಜನ ಬೇಕು. ಮೇಲಾಗಿ ಊರು ಮರೆಯುತ್ತದೆ. ಹತ್ತು ವರ್ಷದ ಹಿಂದಿನ ಸಾಲ, ಜಗಳ, ಕಾಯಿಲೆ ಮೆಲ್ಲನೆ ಮಾತಿನಿಂದ ಬಿದ್ದುಹೋಗುತ್ತವೆ. ಕಂಪ್ಯೂಟರ್ ಸರ್ವರ್‌ಗೆ ಮರೆವಿಲ್ಲ. ಅದು ಯಾರದು, ಎಲ್ಲಿದೆ, ಯಾರು ಓದುತ್ತಿದ್ದಾರೆ ಎಂಬುದು ಓದಿಸಿಕೊಳ್ಳುವವನಿಗೆ ಕಾಣುವುದಿಲ್ಲ. ಒಮ್ಮುಖವಾದ ಈ ನೋಟವೇ ಸಮಸ್ಯೆಯ ತಿರುಳು.

ಖಾಸಗಿತನ ಈ ನೆಲಕ್ಕೆ ಹೊರಗಿನದು ಎಂಬುದೂ ನಿಲ್ಲುವ ಮಾತಲ್ಲ. ಇದೇ ಸೀಮೆಯ ಲಿಂಗಾಯತ ಮನೆಗಳಲ್ಲಿ ಇಷ್ಟಲಿಂಗವನ್ನು ಕರಡಿಗೆಯಲ್ಲಿಟ್ಟು ಎದೆಯ ಮೇಲೆ ಧರಿಸುತ್ತಾರೆ, ಅಂಗೈಯಲ್ಲಿಟ್ಟು ಪೂಜಿಸುತ್ತಾರೆ. ಪೂಜಾರಿ ಬೇಡ, ಸಾಕ್ಷಿ ಬೇಡ. ಕೈಯಗಲ ಜಾಗದಲ್ಲಿ ಮನುಷ್ಯ ತನ್ನೊಡನೆ ತಾನಿರುವ ಹೊತ್ತು ಅದು. ಆ ಜಾಗ ಪವಿತ್ರ ಎಂದು ಒಪ್ಪಿಕೊಂಡ ಸಮಾಜಕ್ಕೆ ಅಂಗೈಯಲ್ಲಿರುವ ಇನ್ನೊಂದು ವಸ್ತು, ಮೊಬೈಲು, ಏನೇನು ನೋಡುತ್ತದೆಂದು ಕೇಳುವ ಹಕ್ಕಿದೆ.

ಆ ಹಕ್ಕನ್ನು ದೇಶಕ್ಕೆ ದೊರಕಿಸಿಕೊಟ್ಟವರು ಕನ್ನಡಿಗರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ಖಾಸಗಿತನ ಮೂಲಭೂತ ಹಕ್ಕೇ ಅಲ್ಲವೆಂದು 2015ರಲ್ಲಿ ಕೇಂದ್ರ ಸರಕಾರದ ಅಟಾರ್ನಿ ಜನರಲ್ ವಾದಿಸಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಆ ವಾದವನ್ನು ತಳ್ಳಿಹಾಕಿತು. ಪೀಠದಲ್ಲಿ ಕರಾವಳಿಯ ಎಸ್. ಅಬ್ದುಲ್ ನಜೀರ್ ಅವರೂ ಇದ್ದರು. ಜೀವಿಸುವ ಹಕ್ಕಿನ 21ನೇ ವಿಧಿಯೊಳಗೇ ಖಾಸಗಿತನವೂ ಇದೆ ಎಂಬುದು ತೀರ್ಪು. ಪುಟ್ಟಸ್ವಾಮಿ 2024ರ ಅಕ್ಟೋಬರಿನಲ್ಲಿ, 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರು ಕಾನೂನು ಪುಸ್ತಕಗಳಲ್ಲಿ ಉಳಿದಿದೆ. ಅದು ಎಂಜಿನಿಯರಿಂಗ್ ಕಾಲೇಜಿನ ಪಾಠದಲ್ಲೂ ಇರಬೇಕಿತ್ತು.

ಏಕೆಂದರೆ ಹಕ್ಕು ಮುರಿಯುವುದು ತೀರಾ ಸಣ್ಣ ಜಾಗದಲ್ಲಿ. ಆನ್‌ಲೈನ್ ಅರ್ಜಿಯಲ್ಲಿ ಕೆಲವು ಖಾನೆಗಳ ಪಕ್ಕ ಕೆಂಪು ನಕ್ಷತ್ರ ಇರುತ್ತದೆ. ತುಂಬದಿದ್ದರೆ ಅರ್ಜಿ ಮುಂದೆ ಹೋಗದು. ‘ತಂದೆಯ ಹೆಸರು’ ಎಂಬ ಖಾನೆಯ ಪಕ್ಕ ಆ ನಕ್ಷತ್ರ ಇಟ್ಟಾಗ ಏನಾಗುತ್ತದೆಂದು ಬೆಳಗಾವಿ ಜಿಲ್ಲೆಗೆ ಚೆನ್ನಾಗಿ ಗೊತ್ತು. ಸವದತ್ತಿ ಯಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳು ಗೋಕಾಕ, ರಾಯಬಾಗ, ಹುಕ್ಕೇರಿ ಸೀಮೆಯ ಎಷ್ಟೋ ಹಳ್ಳಿಗಳಲ್ಲಿದ್ದಾರೆ. ಈ ದೇವದಾಸಿ ಪದ್ಧತಿಯನ್ನು ರಾಜ್ಯ ನಿಷೇಧಿಸಿದ್ದು 1982ರ ಕಾಯ್ದೆಯಿಂದ. ಘಟಪ್ರಭಾದಲ್ಲಿ ಈ ಹೆಣ್ಣುಮಕ್ಕಳೇ ಮುಂದೆ ನಿಂತು 1997ರಲ್ಲಿ ಮಾಸ್ ಸಂಸ್ಥೆ ಕಟ್ಟಿದರು, ಮುತ್ತು ಕಟ್ಟುವುದನ್ನು ನಿಲ್ಲಿಸಲು ಊರೂರು ತಿರುಗಿದರು. ಅವರ ಮಕ್ಕಳು ಶಾಲೆಯ ಅರ್ಜಿಯಲ್ಲಿ ಆ ಒಂದು ಖಾನೆಯ ಮುಂದೆ ನಿಂತು ಅನುಭವಿಸಿದ ಅವಮಾನ ಹೊಸದೇನಲ್ಲ. ಕಾಗದದ ಕಾಲದಲ್ಲಿ ದಯೆಯಿದ್ದ ಮೇಷ್ಟರು ಖಾನೆ ಖಾಲಿ ಬಿಟ್ಟು ಅರ್ಜಿ ತೆಗೆದುಕೊಳ್ಳಬಹುದಿತ್ತು. ಸಾಫ್ಟ್‌ವೇರಿಗೆ ದಯೆ ಬರೆದರಷ್ಟೇ ಬರುತ್ತದೆ. ನಕ್ಷತ್ರ ತೆಗೆಯುವುದು ಒಂದು ಸಾಲಿನ ಕೆಲಸ.

ಇದೇ ಹೆಣ್ಣುಮಕ್ಕಳ ಹೆಸರಿನ ಪಟ್ಟಿ ಸರಕಾರದ ಬಳಿ ಇದೆ. ಪಿಂಚಣಿ, ಮನೆ, ಸಾಲ ಕೊಡಬೇಕಾದರೆ ಪಟ್ಟಿ ಬೇಕೇಬೇಕು. ಅದೇ ಪಟ್ಟಿ ಮೊಬೈಲಿನಿಂದ ಮೊಬೈಲಿಗೆ ಹಾರಿದರೆ ಒಬ್ಬ ಮಗಳ ಸಂಬಂಧ ಮುರಿಯುತ್ತದೆ. ಎಚ್‌ಐವಿ ಇದ್ದವರ ದಾಖಲೆಯದೂ ಇದೇ ಕಥೆ; ಅದನ್ನು ಗುಟ್ಟಾಗಿಡಬೇಕೆಂದು 2017ರ ಕಾಯ್ದೆಯೇ ಹೇಳುತ್ತದೆ. ಬಡವರಿಗೆ ಖಾಸಗಿತನ ಎಂತಹದು ಎನ್ನುವವರು ಈ ಎರಡು ಪಟ್ಟಿಗಳನ್ನು ನೆನೆಯಬೇಕು. ಹಣವಿದ್ದವನ ಗುಟ್ಟು ಹೊರಬಿದ್ದರೆ ಅವನಿಗೆ ಮುಜುಗರ. ಇವರಿಗೆ ಬಾಳೇ ಹೋಗುತ್ತದೆ.

ಪಟ್ಟಿಯಿಂದ ಹೆಸರು ತೆಗೆದರೆ ಸಾಲದೇ ಎಂದು ಕೇಳಬಹುದು. ಸಾಲದು ಎಂದು ತೋರಿಸಿದವರು ಅಮೆರಿಕದ ಲತಾನ್ಯಾ ಸ್ವೀನಿ. ಮಸಾಚುಸೆಟ್ಸ್ ರಾಜ್ಯ ತನ್ನ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ಅಳಿಸಿ ಸಂಶೋಧಕರಿಗೆ ಕೊಟ್ಟಿತ್ತು. ಆಗಿನ್ನೂ ವಿದ್ಯಾರ್ಥಿನಿಯಾಗಿದ್ದ ಸ್ವೀನಿ 20 ಡಾಲರ್ ಕೊಟ್ಟು ಒಂದು ಊರಿನ ಮತದಾರರ ಪಟ್ಟಿ ಕೊಂಡರು, ಎರಡನ್ನೂ ಹೊಂದಿಸಿ ನೋಡಿದರು, ರಾಜ್ಯಪಾಲರ ವೈದ್ಯಕೀಯ ದಾಖಲೆಯನ್ನೇ ಹೆಕ್ಕಿ ತೆಗೆದರು. ಅಂಚೆ ಪಿನ್‌ಕೋಡ್, ಹುಟ್ಟಿದ ದಿನ, ಗಂಡೋ ಹೆಣ್ಣೋ ಎಂಬ ಮೂರು ಸಂಗತಿ ಸಿಕ್ಕರೆ ಅಮೆರಿಕದ ನೂರಕ್ಕೆ 87 ಜನರನ್ನು ಗುರುತಿಸಬಹುದು ಎಂಬುದು ಅವರ ಲೆಕ್ಕ. ಸಂಕೇಶ್ವರದ ಒಂದು ಗಲ್ಲಿಯಲ್ಲಿ ಅಷ್ಟೂ ಬೇಡ. ವಯಸ್ಸು, ಕಸುಬು ಹೇಳಿದರೆ ಯಾರೆಂದು ತಿಳಿಯುತ್ತದೆ. ಹಾವಭಾವದಿಂದ ಗುಟ್ಟು ಹಿಡಿಯುವ ಆ ಐದನೆಯ ಅತಿಚಾರವನ್ನು ಯಂತ್ರಗಳು ಈಗ ದಿನವಿಡೀ ಮಾಡುತ್ತಿವೆ. ಏನು ಕೊಂಡೆ, ಎಷ್ಟು ಹೊತ್ತು ನೋಡಿದೆ, ಎಲ್ಲಿ ನಿಂತೆ ಎಂಬುದರಿಂದ ಹೇಳದೇ ಉಳಿದದ್ದನ್ನು ಅವು ಊಹಿಸುತ್ತವೆ.

ಇದಕ್ಕೆ ಮದ್ದು ಕಂಡುಹಿಡಿದವರೂ ತಂತ್ರಜ್ಞರೇ, ಗಣಿತಜ್ಞರೇ. 1965ರಲ್ಲಿ ಸ್ಟ್ಯಾನ್ಲಿ ವಾರ್ನರ್ ತೋರಿಸಿಕೊಟ್ಟ ಉಪಾಯದ ಒಂದು ರೂಪವನ್ನು ಇಲ್ಲಿಯ ನೆಲದಲ್ಲೇ ಇಟ್ಟು ನೋಡೋಣ. ನಿಪ್ಪಾಣಿ ಕಡೆ ಬೀಡಿ ಕಟ್ಟುವ ಸಾವಿರ ಹೆಣ್ಣುಮಕ್ಕಳಲ್ಲಿ ಎಷ್ಟು ಜನರಿಗೆ ಕ್ಷಯ ತಗುಲಿದೆ ಎಂದು ತಿಳಿಯಬೇಕಿದೆ. ನೇರ ಕೇಳಿದರೆ ಯಾರೂ ಹೇಳುವುದಿಲ್ಲ. ಕೆಲಸ ಹೋಗುವ ಭಯ. ಪ್ರತಿಯೊಬ್ಬಳ ಕೈಗೂ ಒಂದು ನಾಣ್ಯ ಕೊಡಿ, ಯಾರಿಗೂ ತೋರಿಸದೆ ಚಿಮ್ಮಲಿ. ಸಿಂಹ ಬಿದ್ದರೆ ‘ಹೌದು’ ಎಂದೇ ಹೇಳಬೇಕು, ಅಂಕಿ ಬಿದ್ದರೆ ನಿಜ ಹೇಳಬೇಕು. ಸುಮಾರು 500 ಮಂದಿಗೆ ಸಿಂಹ ಬೀಳುತ್ತದೆ. ಒಟ್ಟು 560 ‘ಹೌದು’ ಬಂದರೆ ಉಳಿದ 500 ಜನರಲ್ಲಿ 60 ಜನರದು ನಿಜವಾದ ಹೌದು, ಅಂದರೆ ನೂರಕ್ಕೆ 12. ಊರಿನ ಲೆಕ್ಕ ಸಿಕ್ಕಿತು, ಔಷಧ ಎಷ್ಟು ಬೇಕೆಂದು ಗೊತ್ತಾಯಿತು. ಆದರೆ ‘ಹೌದು’ ಎಂದ ಯಾವೊಬ್ಬಳ ಕಡೆಗೂ ಬೆರಳು ತೋರಿಸಲಾಗದು. 2006ರಲ್ಲಿ ಸಿಂಥಿಯಾ ಡ್ವರ್ಕ್ ಮತ್ತು ಜೊತೆಗಾರರು ಈ ಜಾಡಿನ ವಿಚಾರಕ್ಕೆ ಗಟ್ಟಿ ಗಣಿತ ಕೊಟ್ಟರು. ಅಮೆರಿಕ 2020ರ ಜನಗಣತಿಯ ಅಂಕಿಅಂಶ ಪ್ರಕಟಿಸುವಾಗ ಅದನ್ನೇ ಬಳಸಿತು.

ಕರ್ನಾಟಕದಲ್ಲಿ 2025ರ ಸೆಪ್ಟೆಂಬರಿನಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆದಾಗ ಮನೆ ಬಾಗಿಲುಗಳಿಗೆ ಸ್ಟಿಕರ್ ಬಂತು, ಜೊತೆಗೆ 60 ಪ್ರಶ್ನೆಗಳು ಬಂದವು. ಉತ್ತರ ಕೊಡುವುದು ಜನರ ಇಚ್ಛೆಗೆ ಬಿಟ್ಟದ್ದು, ಕೊಟ್ಟದ್ದನ್ನು ಸಮೀಕ್ಷೆ ನಡೆಸುವ ಆಯೋಗ ಗುಟ್ಟಾಗಿಡಬೇಕು ಎಂದು ಹೈಕೋರ್ಟ್ ಹೇಳಬೇಕಾಯಿತು. ಜಾತಿ, ಸಾಲ, ಆಸ್ತಿಯ ಲೆಕ್ಕ ಸಮಾಜದ ನ್ಯಾಯಕ್ಕೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಲೆಕ್ಕವೂ ಸಿಗಬೇಕು, ಮನುಷ್ಯನೂ ಸಿಕ್ಕಿಬೀಳಬಾರದು. ಎರಡೂ ಆಗುವಂಥದ್ದೇ ಎಂದು ನಾಣ್ಯದ ಉಪಾಯ ತೋರಿಸಿ ಅರವತ್ತು ವರ್ಷಗಳಾದವು.

ಒಂದೇ ಕೆಲಸಕ್ಕೆ ಎರಡು ವಿನ್ಯಾಸ ಇರಬಹುದೆಂಬುದು ಕೋವಿಡ್ ಕಾಲದಲ್ಲಿ ಕಣ್ಣಿಗೆ ರಾಚುವಂತೆ ಕಂಡಿತು. 2020ರ ಮಾರ್ಚಿನಲ್ಲಿ ರಾಜ್ಯ ಸರಕಾರ ಮನೆಯಲ್ಲೇ ಪ್ರತ್ಯೇಕವಾಗಿದ್ದವರ ವಿಳಾಸಗಳನ್ನು ಪ್ರಕಟಿಸಿತು. ತಿಂಗಳ ಕೊನೆಗೆ, ರಾತ್ರಿ ಹತ್ತರಿಂದ ಬೆಳಗಿನ ಏಳರವರೆಗಿನ ಹೊತ್ತು ಬಿಟ್ಟು ಗಂಟೆಗೊಂದು ಸೆಲ್ಫಿ ಕಳಿಸಬೇಕೆಂದು ಆ್ಯಪ್ ಕೊಟ್ಟಿತು. ಅದೇ ವಸಂತದಲ್ಲಿ ಯುರೋಪಿನ ಸಂಶೋಧಕರು ಕಾರ್ಮೆಲಾ ಟ್ರಾಂಕೋಸೊ ಮುಂದಾಳತ್ವದಲ್ಲಿ ಬೇರೆ ದಾರಿ ಹಿಡಿದರು. ಅವರ ಪದ್ಧತಿಯಲ್ಲಿ ಫೋನುಗಳು ಆಗಾಗ ಬದಲಾಗುವ ಅರ್ಥವಿಲ್ಲದ ಸಂಖ್ಯೆಗಳನ್ನಷ್ಟೇ ಒಂದಕ್ಕೊಂದು ಕಳಿಸುತ್ತವೆ. ಸೋಂಕಿತರ ಹತ್ತಿರ ಹೋಗಿದ್ದೆನೇ ಎಂಬ ತಾಳೆ ಅವರವರ ಫೋನಿನಲ್ಲೇ ಆಗುತ್ತದೆ. ಹೆಸರು, ಜಾಗ, ಯಾವುದೂ ಕೇಂದ್ರಕ್ಕೆ ಹೋಗದು. ಆ್ಯಪಲ್ ಮತ್ತು ಗೂಗಲ್ ಇಂಥದ್ದೇ ಪದ್ಧತಿಯನ್ನು ಫೋನುಗಳಿಗೆ ತಂದವು. ನಮ್ಮಲ್ಲಿ ಬಂದ ಆರೋಗ್ಯ ಸೇತು ಆ್ಯಪ್ ಹೆಸರು, ವಯಸ್ಸು, ಕಸುಬು, ಇರುವ ಜಾಗ ಎಲ್ಲ ಕೇಳಿತು. ಬೆಂಗಳೂರಿನ ಮುಕ್ತ ತಂತ್ರಾಂಶ ಕಾರ್ಯಕರ್ತ ಅನಿವರ್ ಅರವಿಂದ್ ಹೈಕೋರ್ಟಿಗೆ ಹೋದರು. ಬಳಕೆದಾರರ ತಿಳಿವಳಿಕೆಯ ಒಪ್ಪಿಗೆ ಇಲ್ಲದೆ ಆ ಮಾಹಿತಿ ಹಂಚಬಾರದೆಂದು 2021ರ ಜನವರಿ 25ರಂದು ಮಧ್ಯಂತರ ಆದೇಶ ಬಂತು. ತಂತ್ರ ಬಲ್ಲವನು ನ್ಯಾಯಾಲಯದಲ್ಲಿ ನಿಂತರೆ ಆಗುವ ಉಪಕಾರ ಇದು.

ಹೆಚ್ಚು ಕೂಡಿಟ್ಟರೆ ಮುಂದೆಂದೋ ಬಳಕೆಗೆ ಬಂದೀತೆಂಬ ಆಸೆ ಈ ಉದ್ಯಮದ ದೊಡ್ಡ ರೋಗ. ಅದಕ್ಕೂ ಈ ನೆಲದಲ್ಲಿ ಹಳೆಯ ಹೆಸರಿದೆ, ಪರಿಗ್ರಹ. ಭೋಜದ ಶಾಂತಿಸಾಗರ ಮುನಿಗಳು, ಸದಲಗಾದಲ್ಲಿ 1946ರಲ್ಲಿ ಹುಟ್ಟಿ 2024ರಲ್ಲಿ ಸಲ್ಲೇಖನದಿಂದ ದೇಹ ಬಿಟ್ಟ ಆಚಾರ್ಯ ವಿದ್ಯಾಸಾಗರರು, ಇಬ್ಬರೂ ಸಂಕೇಶ್ವರಕ್ಕೆ ದೂರವಲ್ಲದ ಊರುಗಳವರು. ಮೈಮೇಲಿನ ಬಟ್ಟೆಯನ್ನೂ ಬೇಡವೆಂದವರ ಸೀಮೆ ಇದು. ಶರಣರ ಕಡೆ ನೋಡಿದರೆ ಆಯ್ದಕ್ಕಿ ಲಕ್ಕಮ್ಮ ಇದ್ದಾಳೆ. ಗಂಡ ಮಾರಯ್ಯ ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದದ್ದನ್ನು ತಂದಲ್ಲೇ ಸುರಿದು ಬಾ ಎಂದು ತಿರುಗಿ ಕಳಿಸಿದ ಹೆಣ್ಣುಮಗಳು. ಡೇಟಾಬೇಸ್ ವಿನ್ಯಾಸ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಗುರು ಸಿಗಲಾರಳು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುವುದೂ ಇದನ್ನೇ. ಆರನೆಯ ಕಲಮಿನಲ್ಲೇ ಉದಾಹರಣೆಯಿದೆ: ವೈದ್ಯರ ಸಲಹೆ ಕೊಡುವ ಆ್ಯಪ್ ಫೋನಿನಲ್ಲಿರುವ ನಂಬರುಗಳನ್ನೂ ಕೇಳಿ, ಬಳಕೆದಾರರು ಹೂಂ ಅಂದರೂ ಆ ಒಪ್ಪಿಗೆ ನಂಬರುಗಳಿಗೆ ಅನ್ವಯಿಸದು, ಚಿಕಿತ್ಸೆಗೆ ಅವು ಬೇಕಿಲ್ಲ. ಕಾಯ್ದೆಯಲ್ಲಿರುವ ಅತಿ ಹೆಚ್ಚಿನ ದಂಡ 250 ಕೋಟಿ ರೂಪಾಯಿ.

ಸರಕಾರದ ಕೈಗೆ ಅದೇ ಕಾಯ್ದೆ ಧಾರಾಳ ವಿನಾಯಿತಿ ಕೊಟ್ಟಿರುವುದು ಅದರ ದೊಡ್ಡ ಕೊರತೆ. ತಂತ್ರಜ್ಞನಿಗೂ ಸಂಬಳದ ಚಿಂತೆಯಿದೆ, ಮೇಲಿನವರ ಒತ್ತಡವಿದೆ. ಒಬ್ಬನೇ ಎದ್ದು ಬೇಡವೆನ್ನುವುದು ಸುಲಭವಲ್ಲ. ವೈದ್ಯರಿಗೆ, ವಕೀಲರಿಗೆ ಇರುವಂಥ ವೃತ್ತಿಧರ್ಮದ ಕಟ್ಟು ಈ ಕಸುಬಿಗೂ ಬರಬೇಕು. ಸಂಕೇಶ್ವರದ ಮಗ್ಗುಲಲ್ಲೇ ನಿಡಸೋಸಿಯಿದೆ. ದುರದುಂಡೀಶ್ವರ ಮಠವಿರುವ ಆ ಹಳ್ಳಿಯಲ್ಲಿ 1996ರಿಂದ ಎಂಜಿನಿಯರಿಂಗ್ ಕಾಲೇಜೂ ನಡೆದಿದೆ. ಕಾಯಕದ ಮಾತಾಡುವ ಮಠ, ಕೋಡ್ ಕಲಿಸುವ ತರಗತಿ, ಎರಡೂ ಒಂದೇ ಊರಲ್ಲಿ ಇರುವಾಗ ಮಾಡುವ ಕೆಲಸದಿಂದ ಯಾರಿಗೆ ನೋವಾದೀತು ಎಂಬ ಪ್ರಶ್ನೆಯನ್ನು ಕಲಿಯುವ ಕಾಲದಲ್ಲೇ ಹುಡುಗರ ಮುಂದಿಡುವುದು ಕಷ್ಟವಾಗಬಾರದು.

ಅಲ್ಲಿ ಕಲಿತವರು ಬೆಂಗಳೂರಿಗೆ ಹೋಗುವ ಮುಂಚೆ ಊರಲ್ಲೇ ಮಾಡಬಹುದಾದ ಕೆಲಸವೂ ಉಂಟು. ಪೇಟೆಯ ಝೆರಾಕ್ಸ್ ಅಂಗಡಿಗೆ ಹೋದರೆ ‘ಕಾಕಾ, ಆಧಾರ್ ವಾಟ್ಸಾಪ್ ಮಾಡ್ರಿ, ತೆಗದ್ ಕೊಡ್ತೀನಿ’ ಅನ್ನುತ್ತಾರೆ. ಆ ಕಡತ ಅಂಗಡಿಯ ಕಂಪ್ಯೂಟರಿನಲ್ಲಿ ಉಳಿಯುತ್ತದೆ, ಗೃಹಲಕ್ಷ್ಮಿ ಅರ್ಜಿಗೆ ಬಂದವರದು, ಬೆಳೆಸಾಲಕ್ಕೆ ಬಂದವರದು, ಎಲ್ಲರದೂ. ಇ-ಆಧಾರ್ ಕಡತಕ್ಕೆ ಪಾಸ್‌ವರ್ಡ್ ಇದೆ, ನಿಜ. ಆದರೆ ಅದು ಇಂಗ್ಲಿಷಿನಲ್ಲಿ ಬರೆದ ಹೆಸರಿನ ಮೊದಲ ನಾಲ್ಕು ಅಕ್ಷರ, ಹುಟ್ಟಿದ ವರ್ಷ ಅಷ್ಟೇ. ಅಂಗಡಿಯವರು ಕೆಟ್ಟವರಲ್ಲ, ಅಳಿಸಬೇಕೆಂದು ಅವರಿಗೆ ಯಾರೂ ಹೇಳಿಲ್ಲ. ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ 2022ರ ಮೇ 27ರಂದು ಇದನ್ನೇ ಹೇಳಿತ್ತು: ಆಧಾರ್ ನಕಲನ್ನು ಎಲ್ಲರಿಗೂ ಕೊಡಬೇಡಿ, ಮುಸುಕು ಹಾಕಿದ ಆಧಾರ್ ಕೊಡಿ, ಸೈಬರ್ ಅಂಗಡಿಯಲ್ಲಿ ಇಳಿಸಿಕೊಂಡರೆ ಅಳಿಸಿ ಬನ್ನಿ. ಎರಡೇ ದಿನದಲ್ಲಿ ಆ ಪ್ರಕಟಣೆಯನ್ನು ಹಿಂದಕ್ಕೆ ಪಡೆಯಲಾಯಿತು. ಸಲಹೆ ಮಾತ್ರ ಅಂದಿಗೂ ಸರಿ, ಇಂದಿಗೂ ಸರಿ.

ಓದುವವರು ಇವತ್ತೇ ಮಾಡಬಹುದಾದದ್ದು ಇಷ್ಟು. ಆಧಾರ್ ಜಾಲತಾಣದಲ್ಲೋ ಆ್ಯಪ್‌ನಲ್ಲೋ ಬಯೋಮೆಟ್ರಿಕ್ ಲಾಕ್ ಎಂಬ ಸೌಲಭ್ಯವಿದೆ. ಅದನ್ನು ಹಾಕಿದರೆ ಬೆರಳಿನ ಗುರುತು ಯಾರ ಕೈಗೆ ಸಿಕ್ಕರೂ ಯಂತ್ರ ಒಪ್ಪುವುದಿಲ್ಲ, ಬೇಕಾದಾಗ ತಾವೇ ತೆಗೆಯಬಹುದು. ಗುರುತಿನ ಪತ್ರ ಕೇಳಿದಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮುಸುಕಿನ ಆಧಾರ್ ಕೊಡಿ. ಮನೆಯಲ್ಲಿ ಕಂಪ್ಯೂಟರ್ ಕಲಿತ ಮಕ್ಕಳಿದ್ದರೆ ಅಜ್ಜ-ಅಜ್ಜಿಯರ ಆಧಾರಿಗೂ ಈ ಲಾಕ್ ಹಾಕಿಕೊಡಲಿ. ಖಾತೆಯಿಂದ ದುಡ್ಡು ಹೋಯಿತೆಂದು ತಿಳಿದ ಕೂಡಲೇ ಬ್ಯಾಂಕಿಗೆ ತಿಳಿಸಿ, 1930ಕ್ಕೆ ಕರೆ ಮಾಡಿ.